ರೂತಮ್ಮನ ಬಾಸಿಂಗ

ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸ್ ಕೊಡಬಾರದು ಎಂಬುದನ್ನು ನನಗೆ ಕಲಿಸಿದ್ದು ನಮ್ಮಮ್ಮನಲ್ಲ, ನಮ್ಮ ಟೀಚರಮ್ಮ. ನಮ್ಮಮ್ಮನೂ ಕಲಿಸುತ್ತಿದ್ದಳೇನೋ, ಅವಳಿಗೆ ಬಿಡುವಿರಲಿಲ್ಲ. ಮೊನ್ನೆ ನನ್ನ ಸೊಸೆ ಪಕ್ಕದ ಮನೆಯವರ ಡಬ್ಬಿಯನ್ನು ತೊಳೆದು ಒರೆಸಿ, ಹಾಗೇ ಖಾಲಿ ಕೊಟ್ಟುಬರಲು ಹೊರಟಿದ್ದಳು. ನಾನು ಕೂಗಾಡಿದೆ. "ಒಂದು ಚಿಟಿಕೆ ಸಕ್ಕರೆಯಾದ್ರೂ ಹಾಕಮ್ಮ, ನಾವೇನು ಗತಿಗೆಟ್ಟವರಾ" ಅಂದೆ. ಅವಳು ನಗುತ್ತ ಹಾಕಿಕೊಂಡು ಹೋದಳು. ಅವಳು ಹೋದಮೇಲೆ ಇನ್ನೊಂದು ಡಬ್ಬಿ ಕಣ್ಣಮುಂದೆ ಬಂತು. ಆ ಡಬ್ಬಿ ಬಂದರೆ ಹಿಂದೆಯೇ ಟೀಚರಮ್ಮನೂ ಬರುತ್ತಾರೆ. ಬಂದರೆ ಆ ದಿನವಿಡೀ ಹೋಗುವುದಿಲ್ಲ.

ಅವರ ಹೆಸರು ಹೇಳುವುದಿಲ್ಲ. ಬದುಕಿದ್ದಾಗ ನಾವು ಯಾರೂ ಅವರ ಹೆಸರನ್ನು ಬಾಯಲ್ಲಿ ಆಡಿದವರಲ್ಲ, ಈಗ ಆಡಿ ಏನಾಗಬೇಕು. ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಗೆ ಅವರೇ ಟೀಚರಮ್ಮ, ಅಷ್ಟು ಸಾಕು. ಕುಳ್ಳಗೆ ಇದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ತಲೆಗೂದಲು ತೆಗೆಸದೆ, ಮನೆಯ ಹಿಂದಿನ ಕೋಣೆ ಸೇರದೆ, ಮೈಸೂರಿಗೆ ಹೋಗಿ ಟ್ರೈನಿಂಗ್ ಮುಗಿಸಿ ಕೆಲಸ ಹಿಡಿದರು ಎಂದು ಊರಿನ ಹೆಂಗಸರಿಗೆ ಅವರ ಮೇಲೆ ಒಂದು ಕಣ್ಣು. ನಮ್ಮಮ್ಮನಿಗೂ ಇತ್ತು. ಆದರೆ ಮೊದಲ ಮಾವಿನಹಣ್ಣು ಬಂದಾಗ "ಟೀಚರಮ್ಮನಿಗೆ ಕೊಟ್ಟು ಬಾರೇ" ಎಂದು ನನ್ನನ್ನೇ ಕಳಿಸುತ್ತಿದ್ದಳು. ಆ ಪಾತ್ರೆ ನಮ್ಮನೆಗೆ ಬರಿದಾಗಿ ಬಂದದ್ದು ನಾನು ನೋಡಿಲ್ಲ. ಹಾಕಲು ಏನೂ ಇಲ್ಲದ ದಿನ ಕಾಗದದಲ್ಲಿ ಒಂದು ಹೂವು ಮಡಿಸಿ ಹಾಕಿರುತ್ತಿದ್ದರು.

ಬೆಳಿಗ್ಗೆ ತರಗತಿಗೆ ಬಂದವರು ಮೊದಲು ಹೇಳುತ್ತಿದ್ದ ಮಾತು "ಕೈ ತೋರಿಸ್ರೇ". ನಾವು ಸಾಲಾಗಿ ಕೈ ಚಾಚಬೇಕು. ಬೆರಳು ಬೆರಳೂ ತಿರುಗಿಸಿ ನೋಡುವರು. ಕೊಳೆ ಇದ್ದರೆ ಬೈಗುಳವಿಲ್ಲ, ತಮ್ಮ ಸೆರಗಿನ ತುದಿಯಿಂದಲೇ ಒರೆಸುವರು. ಬೇರೆ ಮಕ್ಕಳು ಸ್ಲೇಟು ಹಿಡಿದು ಮಗ್ಗಿ ಕೂಗುವ ಹೊತ್ತಿನಲ್ಲಿ ನಮಗೆ ಕಾಗದ ಮಡಿಸುವ ಪಾಠ ನಡೆಯುತ್ತಿತ್ತು. ಮೊಹರಮ್ಮಿನ ಬಾಬಯ್ಯನ ಹಬ್ಬಕ್ಕೆ ಹೊಳೆಯುವ ಬೇಗಡೆ ಕಾಗದ ಮಾರುವ ಅಂಗಡಿಯಲ್ಲಿ ಉಳಿದ ಚೂರುಪಾರು, ಹಳೇ ಪಂಚಾಂಗ, ಸೋಪಿನ ಮೇಲಿನ ಸುತ್ತು, ಏನು ಸಿಕ್ಕರೂ ಅವರಿಗೆ ಆಗುತ್ತಿತ್ತು. ಅಂಟಿಗೆ ಗಂಜಿ. ಮಡಿಕೆ ಒತ್ತಲೆಂದೇ ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದರು.

ಒಮ್ಮೆ ನನಗೂ ಕೋಟೆ ಬೀದಿಯ ಒಬ್ಬಳಿಗೂ ಜಡೆ ಹಿಡಿದು ಜಗಳವಾಯಿತು. ಇಬ್ಬರನ್ನೂ ಎದುರುಬದುರು ಕೂರಿಸಿ, "ಅವಳಿಗೆ ನೀನೊಂದು, ನಿನಗೆ ಅವಳೊಂದು, ಕಾಗದದಲ್ಲಿ ಏನಾದ್ರೂ ಮಾಡ್ಕೊಡ್ರೇ" ಅಂದರು. ನಾನು ಬೇಕೆಂದೇ ಕತ್ತೆ ಮಾಡಿದೆ. ಟೀಚರಮ್ಮ ಎತ್ತಿ ನೋಡಿದರು.

"ಕತ್ತೆ ಅಲ್ವೇನೇ?"

"ಹೂಂ."

"ಕಿವಿ ಸಾಲ್ದು. ಇನ್ನೊಂಚೂರು ಉದ್ದ ಬಿಡು. ಕೊಡೋದೇ ಆದ್ರೆ ಒಳ್ಳೇ ಕತ್ತೇನೇ ಕೊಡ್ಬೇಕು."

ಕಿವಿ ಸರಿಮಾಡಿ, ಬಾಲ ಅಂಟಿಸಿ, ನಿಲ್ಲುವ ಹಾಗೆ ಕಾಲು ತಿದ್ದುವಷ್ಟರಲ್ಲಿ ಕೋಪ ಎಲ್ಲಿ ಹೋಯಿತೋ. ಅವಳು ನನಗೆ ಕೋತಿ ಮಾಡಿದ್ದಳು, ಅದೂ ಚೆನ್ನಾಗಿಯೇ ಇತ್ತು. "ಕೈ ಕಂಡಮೇಲೆ ಕಲ್ಲೆತ್ತೋಕಾಗಲ್ಲ ಕಣ್ರೇ" ಎಂದರು ಟೀಚರಮ್ಮ. ಒಬ್ಬರ ಕೈಕೆಲಸ ಕಂಡಮೇಲೆ ಅವರ ಮೇಲೆ ಕಲ್ಲೆತ್ತಲು ಮನಸ್ಸು ಬಾರದು ಎಂಬ ಇದು ಅವರ ಸ್ವಂತ ಗಾದೆ. ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಈ ಗಾದೆಯನ್ನೇ ಅವರು ಪ್ರಪಂಚಕ್ಕೂ ಹಚ್ಚಲು ಹೊರಟರು. ಮೈಸೂರಿನ ಟ್ರೈನಿಂಗ್ ಶಾಲೆಯಲ್ಲಿ ಕಾಗದದ ಕೆಲಸ ಹೇಳಿಕೊಡಲು ಜರ್ಮನಿಯಿಂದ ಒಬ್ಬ ಹೆಂಗಸು ಬಂದು ಕೆಲವು ಕಾಲ ಇದ್ದರಂತೆ. ಹಿಂದಿನ ದೊಡ್ಡ ಯುದ್ಧದಲ್ಲಿ ಆಕೆಯ ಇಬ್ಬರು ಅಣ್ಣಂದಿರು ಸತ್ತಿದ್ದರು. ದೊಡ್ಡವರು ಸಭೆ ಕೂಡಿಸಿ ಭಾಷಣ ಮಾಡಿದರೆ ಯುದ್ಧ ನಿಲ್ಲುವುದಿಲ್ಲ, ಆ ದೇಶದ ಮಗು ಮಾಡಿದ್ದನ್ನು ಈ ದೇಶದ ಮಗು ಕೈಯಲ್ಲಿ ಹಿಡಿಯಬೇಕು, ಆಗ ನಿಲ್ಲುತ್ತದೆ ಎಂಬುದು ಆಕೆಯ ನಂಬಿಕೆ. ಊರಿಗೆ ಹಿಂದಿರುಗಿದ ಮೇಲೆ ಆಕೆ ತನ್ನ ಶಾಲೆಯ ಹುಡುಗಿಯರಿಂದ ಕಾಗದದ ಸಾಮಾನು ಮಾಡಿಸಿ, ಒಂದು ತಗಡಿನ ಡಬ್ಬಿಯಲ್ಲಿ ತುಂಬಿ ನಮ್ಮ ಟೀಚರಮ್ಮನಿಗೆ ಕಳಿಸಿದರು.

ಸಣ್ಣ ರೈಲಿನಲ್ಲಿ ಆ ಡಬ್ಬಿ ಬಂದ ದಿನ ನಮಗೆ ಹಬ್ಬ. ಮುಚ್ಚಳದ ಮೇಲೆ ಒಂದು ಊರಿನ ಚಿತ್ರ, ಮನೆಗಳ ಸೂರಿನ ಮೇಲೆಲ್ಲ ಬಿಳೀ ಹಿಟ್ಟು ಚೆಲ್ಲಿದ ಹಾಗಿತ್ತು. ಹಿಮ ಅಂತೆ. ಒಳಗೆ ನಕ್ಷತ್ರ, ಕತ್ತರಿಸಿ ಮಾಡಿದ ಕಾಡು, ದೋಣಿ. ಒಂದೊಂದಕ್ಕೂ ಒಬ್ಬೊಬ್ಬ ಹುಡುಗಿಯ ಹೆಸರು ಅಂಟಿಸಿತ್ತು. ಟೀಚರಮ್ಮ ಒಬ್ಬೊಬ್ಬರಿಗೂ ಒಂದೊಂದು ಹಂಚಿ, "ಇವಳು ನಿನ್ನ ಜೊತೆಗಾತಿ" ಎಂದರು. ನನಗೆ ಸಿಕ್ಕಿದ್ದು ಒಂದು ಪುಟ್ಟ ಕಾಗದದ ಮನೆ. ಬಾಗಿಲು ತೆರೆದು ಮುಚ್ಚಬಹುದಿತ್ತು. ಮಾಡಿದವಳ ಹೆಸರು ರೂತ್. ಕೋಲಾರದ ಆಸ್ಪತ್ರೆಯಲ್ಲಿ ನನ್ನ ತಮ್ಮ ಹುಟ್ಟಿದಾಗ ನೋಡಿಕೊಂಡ ನರ್ಸಮ್ಮನ ಹೆಸರು ರೂತಮ್ಮ. ಹಾಗಾಗಿ ಇವಳೂ ನನಗೆ ರೂತಮ್ಮನೇ ಆದಳು, ಬೇಗ ನಮ್ಮವಳೂ ಆದಳು.

ಡಬ್ಬಿಗೆ ಸುತ್ತಿದ್ದ ಕಾಗದವನ್ನು ಬಿಚ್ಚುವಾಗ ಯಾರೋ ಅದರ ಅಂಚೆಚೀಟಿ ನೋಡಿ, "ಟೀಚರಮ್ಮ, ಇಲ್ನೋಡಿ, ಸ್ವಸ್ತಿಕ" ಎಂದರು. ಹೌದು, ನಮ್ಮ ಹೊಸ್ತಿಲ ಮೇಲೆ ಬರೆಯುವ ಸ್ವಸ್ತಿಕವೇ, ಸ್ವಲ್ಪ ಓರೆ. ಟೀಚರಮ್ಮನ ಮುಖ ಅರಳಿದ್ದು ನನಗೆ ಇವತ್ತಿಗೂ ಕಾಣುತ್ತದೆ. "ನೋಡ್ದ್ರೇನ್ರೇ, ಎಲ್ಲೋ ಸಮುದ್ರದಾಚೆ ಇರೋ ಜನ, ನಮ್ಮಂಗೇ ಮಂಗಳದ ಗುರುತು ಹಾಕಿ ಕಳಿಸವ್ರೆ" ಎಂದರು. ಆ ಅಂಚೆಚೀಟಿಯನ್ನು ಹುಷಾರಾಗಿ ಬಿಡಿಸಿ ಡಬ್ಬಿಯ ಮುಚ್ಚಳದ ಒಳಗಡೆ ಅಂಟಿಸಿದರು.

ಡಬ್ಬಿಯನ್ನು ಬರಿದಾಗಿ ಕಳಿಸುವ ಹಾಗಿಲ್ಲವಲ್ಲ. ನಾವು ತೋರಣ ಮಾಡಿದೆವು, ತೊಟ್ಟಿಲು ಮಾಡಿದೆವು. ನಾನು ರೂತಮ್ಮನಿಗೆ ಬೇಗಡೆಯಲ್ಲಿ ಮಾವಿನಹಣ್ಣು ಕಚ್ಚಿದ ಗಿಣಿ ಮಾಡಿದೆ. ಎಲ್ಲ ಮುಗಿದಮೇಲೆ ಟೀಚರಮ್ಮ ಮನೆಯಿಂದ ಕುಂಕುಮ ತರಿಸಿ, ನೀರಲ್ಲಿ ಕಲಸಿ, ಬಟ್ಟಲನ್ನು ನನ್ನ ಮುಂದಿಟ್ಟರು.

"ಎಲ್ಲದರ ಮೇಲೂ ಒಂದೊಂದು ಸ್ವಸ್ತಿಕ ಬರಿಯೇ. ಅವ್ರು ಹಾಕಿದ್ಮೇಲೆ ನಾವು ಹಾಕ್ದಿದ್ರೆ ಚೆನ್ನಾಗಿರಲ್ಲ."

"ನೀವೇ ಬರೀರಿ ಟೀಚರಮ್ಮ, ನಂದು ಸೊಟ್ಟ ಆಗ್ತದೆ."

"ನನ್ನ ಕೈಯಿಂದ ಬೇಡ. ಮಂಗಳದ ಕೆಲಸ. ನಿನ್ನ ಉಂಗುರದ ಬೆರಳಲ್ಲಿ ಬರಿ."

ಗಂಡ ಸತ್ತವರ ಕೈ ಕುಂಕುಮಕ್ಕೆ ಆಗದು ಎಂಬ ಊರಿನ ಮಾತನ್ನು ಅವರು ಒಪ್ಪಿದ್ದು ನನಗೆ ತಿಳಿದಂತೆ ಅದೊಂದೇ ಸಲ. ತಮಗಾಗಿ ಅಲ್ಲ, ಯಾರೋ ಕಾಣದ ಮಕ್ಕಳಿಗೆ ಕೆಡುಕಾಗದಿರಲಿ ಎಂದು. ನಾನು ಬರೆದೆ. ಗಿಣಿಯ ಎದೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಬರೆದೆ.

ಡಬ್ಬಿ ಮತ್ತೆ ಬಂತು. ಬರಲು ಬಹಳ ಕಾಲ ಹಿಡಿಯಿತು. ಈ ಸಲ ಎಲ್ಲರ ಜೊತೆಗಾತಿಯರೂ ಏನಾದರೊಂದು ಕಳಿಸಿದ್ದರು, ನನಗೆ ಮಾತ್ರ ಏನೂ ಇರಲಿಲ್ಲ. ನಾನು ಡಬ್ಬಿಯನ್ನು ತಲೆಕೆಳಗು ಮಾಡಿ ಕೊಡವಿದೆ. ಅಲ್ಲಿಯ ಟೀಚರಮ್ಮ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರಂತೆ: ರೂತ್ ಈಗ ನಮ್ಮ ಶಾಲೆಯಲ್ಲಿ ಇಲ್ಲ. ಅಷ್ಟೇ. ಯಾಕೆ, ಎಲ್ಲಿಗೆ ಹೋದಳು, ಒಂದೂ ಇಲ್ಲ.

ನನಗೆ ಅಳು ಬಂತು. ಟೀಚರಮ್ಮ ಕಾಗದ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ನಮ್ಮ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಕ್ಕಿದ್ದಂತೆ ಬರದೇಹೋದರೆ ಕಾರಣ ಒಂದೇ. ಆ ವರ್ಷವೇ ಗೌನಿಪಲ್ಲಿ ಕಡೆಯ ಗಂಡುಗಳಿಗೆ ನಮ್ಮ ತರಗತಿಯ ಇಬ್ಬರನ್ನು ಕೊಟ್ಟಿದ್ದರು.

"ಅಳ್ಬೇಡ ಕಣೇ. ಮದುವೆ ಆಗಿರ್ಬೇಕು ಅವಳ್ಗೆ" ಎಂದರು.

"ಅವರಲ್ಲೂ ಇಷ್ಟು ಬೇಗ ಮಾಡ್ತಾರಾ?"

"ಹೆಣ್ಣು ಹೆತ್ತೋರು ಎಲ್ಲಾ ಕಡೆ ಒಂದೇ. ಕಳ್ಸೋದಾದ್ರೆ ಬಾಸಿಂಗ ಕಳ್ಸೋಣ. ಮದುವೆ ಮುಗಿದಿದ್ರೂ ಇಟ್ಕೊಳ್ಳಲಿ, ಅದಕ್ಕೇನು."

ರೂತಮ್ಮನ ಮದುವೆ ಎಂದಮೇಲೆ ತರಗತಿಯಲ್ಲಿ ಸಡಗರವೋ ಸಡಗರ. ಬಾಸಿಂಗ ಎಂದರೆ ಮದುವೆಯಲ್ಲಿ ಗಂಡುಹೆಣ್ಣಿನ ಹಣೆಗೆ ಕಟ್ಟುವುದು. ನಾವು ಮಾಡಿದ್ದು ಬೇಗಡೆ ಕಾಗದದ್ದು, ಎರಡು ಕಡೆಯೂ ಗಿಣಿಗಳು, ನಡುವೆ ಮುತ್ತಿನ ಬದಲು ಸಾಬಕ್ಕಿ. ಮಾಡುತ್ತ ಮಾಡುತ್ತ ನಾವು ಹಾಡು ಕೂಡ ಹೇಳಿದೆವು. ಗಂಡು ಹೇಗಿರಬಹುದು ಎಂದು ಒಬ್ಬೊಬ್ಬಳು ಒಂದೊಂದು ಬಣ್ಣಿಸಿದಳು. ಯಾರೋ ಒಬ್ಬಳು ಅವನಿಗೆ ಕುಂಟು ಕಾಲು ಹೇಳಿದ್ದಕ್ಕೆ ನಾನು ಅವಳ ಜೊತೆ ಠೂ ಬಿಟ್ಟೆ.

ಡಬ್ಬಿ ಕಟ್ಟಿ, ಅರಗು ಒತ್ತಿ, ಅಂಚೆ ಕಚೇರಿಗೆ ತೆಗೆದುಕೊಂಡು ಹೋದಾಗ ಪೋಸ್ಟ್ ಮಾಸ್ತರರು ವಿಳಾಸ ಓದಿ ಡಬ್ಬಿಯನ್ನು ಹಿಂದಕ್ಕೆ ನೂಕಿದರು. "ಟೀಚರಮ್ಮ, ಈ ದೇಶಕ್ಕೆ ಟಪಾಲು ನಿಂತೋಯ್ತು. ಯುದ್ಧ ಶುರುವಾಗೈತೆ. ಈಗ ಅವ್ರು ಶತ್ರುಗಳು" ಎಂದರು. ಟೀಚರಮ್ಮ ಡಬ್ಬಿಯನ್ನು ಎತ್ತಿಕೊಂಡರು. "ದೊಡ್ಡವರಿಗೆ ಯುದ್ಧ. ಇದು ಮಕ್ಕಳದು" ಅಂದರು. "ನಂಗೆ ಹಂಗೆ ಬೇರೆ ಬೇರೆ ರೂಲು ಕೊಟ್ಟಿಲ್ವಲ್ಲ ತಾಯಿ" ಅಂದರು ಅವರು, ಪಾಪ.

ಟೀಚರಮ್ಮ ಶಾಲೆ ತಲುಪಿದಮೇಲೆ ಡಬ್ಬಿಯನ್ನು ಬೀರುವಿನಲ್ಲಿಟ್ಟು, "ಬೇರೆಯವರ ಪಾತ್ರೆ ನಮ್ಮನೇಲಿ ಉಳ್ಕೊಂಡ್ಬಿಡ್ತಲ್ಲೇ" ಎಂದರು.

ಆ ಯುದ್ಧದ ಕಾಲವನ್ನು ಏನೆಂದು ಹೇಳಲಿ. ಸೀಮೆಎಣ್ಣೆ ಇಲ್ಲ, ಅಕ್ಕಿ ಇಲ್ಲ, ಪೆಟ್ರೋಲಿಲ್ಲದೆ ಕೋಲಾರಕ್ಕೆ ಹೋಗುವ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ. ಕಾಗದಕ್ಕೂ ಬರ. ಅಂಥದರಲ್ಲೂ ವರ್ಷ ವರ್ಷ ದಸರಾ ಬಂದಾಗ ಟೀಚರಮ್ಮ ಶಾಲೆಯಲ್ಲಿ ಬೊಂಬೆ ಕೂರಿಸುತ್ತಿದ್ದರು. ನಾನು ಶಾಲೆಯಲ್ಲೇ ಬಿಟ್ಟಿದ್ದ ರೂತಮ್ಮನ ಕಾಗದದ ಮನೆಯನ್ನು ಪಟ್ಟದ ಬೊಂಬೆಗಳ ಪಕ್ಕದಲ್ಲೇ ಇಟ್ಟು, ಬಾಗಿಲು ತೆರೆಯುತ್ತಿದ್ದರು. ನಾನು ಶಾಲೆ ಬಿಟ್ಟಿದ್ದೆ. ಆದರೂ ದಸರಾಕ್ಕೆ ಮುಂಚೆ ಹೇಳಿಕಳಿಸುವರು. ಡಬ್ಬಿಯ ಬಾಸಿಂಗವನ್ನು ಹುಳ ತಿಂದಿರುತ್ತಿತ್ತು. ಬೇವಿನ ಸೊಪ್ಪು ಹಾಕಿದರೂ ಬಿಡುತ್ತಿರಲಿಲ್ಲ. ನಾವಿಬ್ಬರೂ ಕೂತು ಹೊಸದು ಮಾಡುವೆವು. ನಮ್ಮಮ್ಮ ನಗುವಳು. "ಏಮೇ, ಆ ಜರ್ಮನಿ ಪಿಲ್ಲಗೆ ಇನ್ನೂ ಎಷ್ಟು ಸಲ ಮದುವೆ ಮಾಡ್ತೀರಿ ನೀವಿಬ್ರೂ" ಎಂದು ತೆಲುಗು ಬೆರೆಸಿ ಅನ್ನುವಳು. ನನಗೂ ಒಳಗೊಳಗೆ ಭಯವಾಗಲು ಶುರುವಾಗಿತ್ತು. ನಾನು ಸೀರೆ ಉಡುವಷ್ಟು ದೊಡ್ಡವಳಾಗಿದ್ದೆ, ಟೀಚರಮ್ಮನ ಬಾಯಲ್ಲಿ ರೂತಮ್ಮ ಮಾತ್ರ ಇನ್ನೂ ಆ ಪುಟ್ಟ ಹುಡುಗಿಯೇ. "ಅವಳ ಹಣೆಗೆ ಇದು ದೊಡ್ಡದಾಗ್ತದೆ ಕಣೇ, ಚಿಕ್ಕದು ಮಾಡು" ಎನ್ನುತ್ತಿದ್ದರು.

ಯುದ್ಧ ಮುಗಿದು ನಮ್ಮ ದೊಡ್ಡಪ್ಪನ ಮಗ ಊರಿಗೆ ಬಂದ. ಪಟಾಲಮ್ಮಿನ ಲಾರಿ ಓಡಿಸುತ್ತ ಇಟಲಿಯವರೆಗೂ ಹೋಗಿದ್ದವನು. ಅಣ್ಣ ಶಾಲೆಯ ಬೊಂಬೆ ನೋಡಲು ನನ್ನ ಜೊತೆ ಬಂದಿದ್ದ. ಟೀಚರಮ್ಮ ಖುಷಿಯಿಂದ ಡಬ್ಬಿ ತೆಗೆದು ತೋರಿಸಿದರು. ಅವನು ಮುಚ್ಚಳದ ಒಳಗಿದ್ದ ಅಂಚೆಚೀಟಿ ನೋಡಿದ.

"ಇದನ್ನ ಯಾಕಿಟ್ಕೊಂಡಿದೀರಿ ಟೀಚರಮ್ಮ?"

"ಸ್ವಸ್ತಿಕ ಅಲ್ವೇನಪ್ಪ. ನಾವೂ ಬರ್ದು ಕಳಿಸಿದ್ವಿ, ಒಂದೊಂದರ ಮೇಲೂ."

ಅವನು ಬೆಂಚಿನ ಮೇಲೆ ಕೂತ. ಹೇಳುವುದೋ ಬೇಡವೋ ಎಂದು ನನ್ನ ಮುಖ ನೋಡಿದ. ಆಮೇಲೆ ಹೇಳಿದ. ಆ ಗುರುತು ಅಲ್ಲಿ ಆಳುತ್ತಿದ್ದವರ ಗುರುತಂತೆ. ಯಹೂದಿಗಳು ಅಂತ ಒಂದು ಜನವಂತೆ. ಅವರ ಮಕ್ಕಳನ್ನು ಮೊದಲು ಶಾಲೆಯಿಂದ ಹೊರಗೆ ಹಾಕಿದರು, ಆಮೇಲೆ ಮನೆಯಿಂದ ಎಳೆದರು, ಆಮೇಲೆ ರೈಲಿಗೆ ತುಂಬಿ ಸಾಯಿಸಿದರು. ಉಳಿದುಕೊಂಡ ಕೆಲವರನ್ನು ಅವನು ತನ್ನ ಲಾರಿಯಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದನಂತೆ. "ಲಾರಿ ಹಳ್ಳಕ್ಕಿಳಿದು ದಡಕ್ಕಂತ ಅಂದ್ರೂ ಹೆದ್ರಿ ತಲೆ ಮೇಲೆ ಕೈ ಇಟ್ಕೊಳ್ಳೋರು. ಈ ಗುರುತು ಕಂಡ್ರೆ ಅವ್ರ ಜೀವ ಹೋಗ್ತಿತ್ತು ಟೀಚರಮ್ಮ" ಎಂದ.

ಟೀಚರಮ್ಮ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಕೇಳಿದರು. "ರೂತ್ ಅಂತ ಹೆಸರು ಯಾರಿಗೆ ಇಡ್ತಾರಪ್ಪ?"

"ಅವ್ರಲ್ಲಿ ಇಡ್ತಾರೆ." ಅವರ ಮುಖ ನೋಡಿ ಅವನು ಬೇಗ ಸೇರಿಸಿದ. "ಬೇರೆಯೋರೂ ಇಡ್ತಾರೆ. ಇಲ್ಲ ಅಂತಲ್ಲ."

ಆ ಕೊನೆಯ ಮಾತೇ ಅವರನ್ನು ತಿಂದುಹಾಕಿತು ಎಂದು ನನಗನ್ನಿಸುತ್ತದೆ. ಹೌದೆಂದು ತಿಳಿದಿದ್ದರೆ ಅತ್ತು ಮುಗಿಸುತ್ತಿದ್ದರು. ಮಾರನೆಯ ದಿನ ನಾನು ಹೋದಾಗ ಅಂಚೆಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಮಡಿಕೆ ಒತ್ತಲು ಬಿಟ್ಟಿದ್ದ ಆ ಉದ್ದ ಉಗುರು ಬುಡದಲ್ಲೇ ಮುರಿದಿತ್ತು.

"ನಮ್ಮ ಗಿಣಿ ಹೋಗೋ ಹೊತ್ಗೆ ಅವಳಿನ್ನೂ ಶಾಲೇಲಿ ಇದ್ಳೋ ಇಲ್ವೋ ಗೊತ್ತಿಲ್ಲ" ಎಂದರು. "ಇದ್ದಿದ್ರೆ ಕೈಯಾರೆ ಬಿಚ್ಚಿ ನೋಡಿರ್ತಾಳೆ. ನಾವೂ ಅವ್ರ ಕಡೇವ್ರೇ ಅಂದ್ಕೊಂಡಿರ್ತಾಳೆ. ಇರದಿದ್ರೆ ಅವಳ್ಗೆ ಗಿಣೀನೂ ಸಿಕ್ಕಿಲ್ಲ, ಏನೂ ಸಿಕ್ಕಿಲ್ಲ. ನಾನು ಯಾವುದು ಆಗಿರ್ಲಿ ಅಂತ ದೇವರ್ನ ಬೇಡ್ಕೊಳ್ಳಲೇ, ನೀನೇ ಹೇಳೇ."

"ನಮಗೇನು ಗೊತ್ತಿತ್ತು ಟೀಚರಮ್ಮ" ಅಂದೆ.

"ನನ್ನ ಕೈಯಾರೆ ಬರೆದಿದ್ರೂ ಆಗ್ತಿತ್ತು. ಬೇಡ ಅಂತ ನಿನ್ನ ಕೈಲಿ ಬರೆಸ್ದೆ."

ಅಲ್ಲಿಂದ ಮುಂದೆ ಅವರಿಗೆ ಇದ್ದದ್ದು ಒಂದೇ ಆಸೆ. ರೂತಮ್ಮ ಎಲ್ಲಾದರೂ ಬದುಕಿದ್ದರೆ, ಆ ಕುಂಕುಮದ ಅರ್ಥ ನಮ್ಮಲ್ಲಿ ಬೇರೆ ಎಂದು ಅವಳಿಗೆ ತಿಳಿಯಬೇಕು. ಅವರ ಬಾಗಿಲ ರಂಗೋಲಿಯಲ್ಲಿ ಸ್ವಸ್ತಿಕ ಬರೆಯುವುದು ನಿಂತುಹೋಯಿತು. ಬೀದಿಯ ಹೆಂಗಸರು ಮೂಗು ಮುರಿದರು, ಮೊದಲೇ ಅವರಿಗೊಂದು ನೆಪ ಬೇಕಿತ್ತು. ಟಪಾಲು ಮತ್ತೆ ಶುರುವಾದಾಗ ಡಬ್ಬಿ ತುಂಬಿದರು. ಬಾಸಿಂಗ ತೆಗೆದಿಟ್ಟರು. ಬರೀ ಒಂದು ಗಿಣಿ ಮಾಡಿದರು, ಮಾವಿನಹಣ್ಣು ಕಚ್ಚಿದ್ದು, ಎದೆಯ ಮೇಲೆ ಏನೂ ಇಲ್ಲದ್ದು. ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನನ್ನಿಂದ ಏನನ್ನೂ ಮಾಡಿಸಲಿಲ್ಲ. ಗಂಜಿಯ ಬಟ್ಟಲು ಎತ್ತಿಕೊಡಲು ಹೋದರೂ "ನೀನು ಮುಟ್ಬೇಡ, ಕೂತ್ಕೋ" ಎಂದರು.

ಅದು ನನ್ನ ಮದುವೆಯಾದ ವರ್ಷ. ನನ್ನನ್ನು ಮಾಲೂರಿಗೆ ಕೊಟ್ಟರು. ಮದುವೆಯಲ್ಲಿ ನನ್ನ ಹಣೆಗೆ ಬಾಸಿಂಗ ಕಟ್ಟುವಾಗ ಹೆಂಗಸರ ಸಾಲಿನ ಹಿಂದೆ, ಕಂಬದ ಮರೆಯಲ್ಲಿ ಟೀಚರಮ್ಮ ನಿಂತಿದ್ದು ಕಂಡಿತು. ನೋಡುತ್ತಿದ್ದದ್ದು ನನ್ನನ್ನೇ, ಆದರೆ ಕಂಡದ್ದು ನನ್ನನ್ನಲ್ಲ.

ಡಬ್ಬಿ ವಾಪಸ್ ಬಂತು. ಅರಗು ಒಡೆದಿರಲಿಲ್ಲ. ಮೇಲೆ ಯಾವುದೋ ಭಾಷೆಯ ಮುದ್ರೆಗಳು. ಆ ವಿಳಾಸದಲ್ಲಿ ಶಾಲೆಯೇ ಇಲ್ಲ, ಬೀದಿಯೂ ಇಲ್ಲ ಎಂದರ್ಥವಂತೆ. ತವರಿಗೆ ಬಂದಿದ್ದಾಗ ನೋಡಲು ಹೋದೆ. ಡಬ್ಬಿ ಕಟ್ಟಿದ್ದು ಕಟ್ಟಿದ ಹಾಗೇ ಅವರ ಮಡಿಲಲ್ಲಿತ್ತು. "ಬರಿದಾಗಿ ಬರ್ಲಿಲ್ಲ ನೋಡೇ" ಎಂದು ನಕ್ಕರು. ಆ ನಗು ನೋಡಲಾಗದೆ ನಾನು ನೀರು ಕುಡಿಯುವ ನೆಪ ಮಾಡಿ ಅಡಿಗೆಮನೆಗೆ ಹೋದೆ.

ಟೀಚರಮ್ಮ ಕಾಯಿಲೆ ಬಿದ್ದಮೇಲೆ ಅವರ ತಮ್ಮ ಅವರನ್ನು ಕೋಲಾರದ ಮನೆಗೆ ಕರೆದುಕೊಂಡು ಹೋದರು. ನಾನು ಮಾಲೂರಿನಿಂದ ಎಳೇ ಕೂಸನ್ನು ಎತ್ತಿಕೊಂಡು ಹೋಗಿದ್ದೆ. ಮಧ್ಯಾಹ್ನ. ಕಿಟಕಿಯ ಪಕ್ಕ ಚಾಪೆಯ ಮೇಲೆ ಮಲಗಿದ್ದರು, ಚಿಕ್ಕ ಹುಡುಗಿಯಷ್ಟಾಗಿದ್ದರು. ಕಾಗದದ ಮನೆ ತಲೆದೆಸೆಯಲ್ಲಿತ್ತು, ಬಾಗಿಲು ತೆರೆದೇ ಇತ್ತು. ನಾನು ಯಾರೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತೋ, ತಿಳಿಯದೆಯೇ ಅಂದರೋ, ಹಳೆಯ ದನಿಯಲ್ಲೇ ಹೇಳಿದರು.

"ಕೈ ತೋರಿಸೇ."

ಕೂಸನ್ನು ಕೆಳಗೆ ಮಲಗಿಸಿ ಕೈ ಚಾಚಿದೆ. ಬೆರಳು ಬೆರಳೂ ತಿರುಗಿಸಿ ನೋಡಿದರು. ಉಂಗುರದ ಬೆರಳು ಬಂದಾಗ ನಿಂತರು. ಸೆರಗಿನ ತುದಿ ಹುಡುಕಿ, ಬಾಯಿಂದ ಒದ್ದೆ ಮಾಡಿಕೊಂಡು, ಆ ಬೆರಳನ್ನು ಒರೆಸತೊಡಗಿದರು. ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒರೆಸಿದರು. ಬೆರಳಲ್ಲಿ ಏನೂ ಇರಲಿಲ್ಲ. ಚರ್ಮ ಉರಿಯಲು ಶುರುವಾಯಿತು. ನಾನು ಕೈ ಎಳೆದುಕೊಳ್ಳಲಿಲ್ಲ.

"ಹೋಯ್ತಾ?" ಎಂದರು.

"ಹೋಯ್ತು ಟೀಚರಮ್ಮ."

"ನಿಂದು ಹೋಯ್ತು" ಎಂದು ಕೈ ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು.

ಅವರು ತೀರಿಕೊಂಡ ಸುದ್ದಿ ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ಡಬ್ಬಿಯನ್ನೂ ಕಾಗದದ ಮನೆಯನ್ನೂ ಅವರ ತಮ್ಮ ನನಗೇ ಕಳಿಸಿಕೊಟ್ಟರು. ಡಬ್ಬಿ ಈಗಲೂ ನನ್ನ ಟ್ರಂಕಿನಲ್ಲಿದೆ. ಗಿಣಿಯನ್ನು ಹುಳ ತಿಂದಾಗೆಲ್ಲ ಹೊಸದು ಮಾಡಿಡುತ್ತೇನೆ, ಬೇರೆಯವರ ಪಾತ್ರೆ ತಾನೆ. ನಾನು ಕುಂಕುಮ ಇಟ್ಟುಕೊಳ್ಳುವುದು ನಡುಬೆರಳಿನಲ್ಲಿ. ಮುತ್ತೈದೆ ಉಂಗುರದ ಬೆರಳಲ್ಲಿ ಇಟ್ಟುಕೊಳ್ಳಬೇಕು ಅತ್ತೆ, ಇದ್ಯಾವ ಸೀಮೆ ಪದ್ಧತಿ ಎಂದು ಸೊಸೆ ಕೇಳುತ್ತಾಳೆ. ಆ ಬೆರಳನ್ನು ನಮ್ಮ ಟೀಚರಮ್ಮ ಒರೆಸಿಕೊಟ್ಟಿದ್ದಾರೆ, ಹಾಗೇ ಇರಲಿ ಬಿಡಮ್ಮ ಎನ್ನುತ್ತೇನೆ.